ಕೇಳಿ, ಹೇಳ್ತೀನಿ: ಇಂಗ್ಲೆಂಡಿನ ಲೀಗ್ ಕಪ್ ಸುತ್ತಮುತ್ತ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಫುಟ್‌ಬಾಲಿನವು, ಅದರಲ್ಲೂ ಇಂಗ್ಲೆಂಡಿನ ಲೀಗ್ ಕಪ್ ಬಗ್ಗೆ. ಕ್ರಿಕೆಟ್ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಸೋತವರು ಅಲ್ಲಿಗೇ ಹೊರಬೀಳುವ ಈ ಲೀಗ್ ಕಪ್ ನನ್ನ ಮೆಚ್ಚಿನ ಪಂದ್ಯಾವಳಿ. ಉತ್ತರ ಉದ್ದವಾದರೆ ಬೈಯಬೇಡಿ.

ಪ್ರ: ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್ ಇದೆ, ಎಫ್‌ಎ ಕಪ್ ಇದೆ. ಮತ್ತೆ ಈ ಲೀಗ್ ಕಪ್ ಯಾಕೆ? ಯಾರು ಶುರು ಮಾಡಿದ್ದು?

ಉ: 1960ರಲ್ಲಿ ಅಲ್ಲಿನ ಪತ್ರಕರ್ತರೂ ಇದನ್ನೇ ಕೇಳಿದ್ದರು, ನಿಮಗಿಂತ ಜೋರಾಗಿ. ಎಫ್‌ಎ ಕಪ್ಪಿನಲ್ಲಿ ಬೇಗ ಸೋತು ಮನೆಗೆ ಹೋದ ಕ್ಲಬ್ಬುಗಳಿಗೆ ಇನ್ನೊಂದು ಟೂರ್ನಿ ಇರಲಿ ಅನ್ನುವ ಯೋಚನೆ ಎಫ್‌ಎ (ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ) ಕಾರ್ಯದರ್ಶಿ ಸ್ಟ್ಯಾನ್ಲಿ ರೌಸ್ ಅವರದು. ಅದನ್ನು ಹಟ ಹಿಡಿದು ಜಾರಿಗೆ ತಂದವರು ವೃತ್ತಿಪರ ಕ್ಲಬ್ಬುಗಳ ಕೂಟವಾದ ಫುಟ್‌ಬಾಲ್ ಲೀಗಿನ ಕಾರ್ಯದರ್ಶಿ ಅಲನ್ ಹಾರ್ಡೇಕರ್. ಹಲ್ ಊರಿನ ಮನುಷ್ಯ. ಯಾರು ಏನಂದರೂ ಜಗ್ಗುವವರಲ್ಲ.

ಆಗ ಲೀಗ್ ಪಂದ್ಯಗಳಿಗೆ ಬರುವ ಜನ ವರ್ಷ ವರ್ಷ ಕಮ್ಮಿಯಾಗುತ್ತಿದ್ದರು. ಇನ್ನೊಂದು ಕಡೆ ಬಹಳಷ್ಟು ಮೈದಾನಗಳಿಗೆ ಫ್ಲಡ್‌ಲೈಟ್ ಬಂದಿತ್ತು. ಶನಿವಾರ ಮಧ್ಯಾಹ್ನಕ್ಕೆ ಕಟ್ಟುಬಿದ್ದಿದ್ದ ಆಟವನ್ನು ವಾರದ ನಡುವೆ, ಜನ ಕೆಲಸ ಮುಗಿಸಿ ಬಂದ ಮೇಲೂ ಆಡಿಸಬಹುದಿತ್ತು. ದೀಪ ಹಾಕಿಸಿದ ಖರ್ಚಾದರೂ ಹುಟ್ಟಬೇಕಲ್ಲ! ಲೀಗಿನ ಅಧ್ಯಕ್ಷ ಜೋ ರಿಚರ್ಡ್ಸ್ ಸ್ವಂತ ದುಡ್ಡಿನಲ್ಲಿ ಮೂರು ಹಿಡಿಯ ಬೆಳ್ಳಿ ಕಪ್ ಕೊಂಡುಕೊಟ್ಟರು. ಅದರ ಮೇಲೆ ತಮ್ಮ ಹೆಸರನ್ನೇ ಕೆತ್ತಿಸಿಕೊಂಡರು ಅನ್ನುವುದು ಬೇರೆ ಮಾತು.

ಶುರುವಿನಲ್ಲಿ ದೊಡ್ಡವರು ಮೂಗು ಮುರಿದರು. ಮೊದಲ ವರ್ಷ ಆರ್ಸೆನಲ್, ಟಾಟನಮ್, ವುಲ್ವ್ಸ್ ಹೆಸರನ್ನೇ ಕೊಡಲಿಲ್ಲ. ಮೊದಲ ಫೈನಲ್ ಆ ಋತುವಿನೊಳಗೆ ಮುಗಿಯಲೂ ಇಲ್ಲ. 1961ರ ಆಗಸ್ಟ್–ಸೆಪ್ಟೆಂಬರಿನಲ್ಲಿ, ಮುಂದಿನ ಋತು ಶುರುವಾದ ಮೇಲೆ ಆಡಿದರು. ಆಗ ಫೈನಲ್ ಅಂದರೆ ಎರಡು ಪಂದ್ಯ, ಎರಡರ ಗೋಲೂ ಕೂಡಿಸಿ ಲೆಕ್ಕ. ರಾದರ್‌ಹ್ಯಾಮ್ ತನ್ನ ಮೈದಾನದಲ್ಲಿ 2-0 ಗೆದ್ದಿತು. ಆ್ಯಸ್ಟನ್ ವಿಲ್ಲಾ ತನ್ನ ಮೈದಾನದಲ್ಲಿ, ಹೆಚ್ಚುವರಿ ಸಮಯದಲ್ಲಿ 3-0 ಮಾಡಿ ಕಪ್ ಎತ್ತಿತು. ಮರುವರ್ಷ ಫೈನಲ್‌ಗೆ ಬಂದದ್ದು ನಾರಿಚ್ ಮತ್ತು ನಾಲ್ಕನೇ ಡಿವಿಜನ್ನಿನ ರಾಚ್‌ಡೇಲ್. ನಗುವವರು ನಕ್ಕರು. ಆದರೆ ರಾಚ್‌ಡೇಲ್‌ನಂಥ ಕ್ಲಬ್ಬಿಗೆ ಫೈನಲ್ ಆಡುವ ಯೋಗ ಬೇರೆ ಎಲ್ಲಿತ್ತು, ಹೇಳಿ?

1967ರಲ್ಲಿ ಗಾಳಿ ತಿರುಗಿತು. ಎರಡು ಕಂತಿನ ಫೈನಲ್ ಬಿಟ್ಟು ಲಂಡನ್ನಿನ ದೊಡ್ಡ ಕ್ರೀಡಾಂಗಣ ವೆಂಬ್ಲಿಯಲ್ಲಿ ಒಂದೇ ಪಂದ್ಯ ಇಟ್ಟರು. ಗೆದ್ದವರಿಗೆ ಯುರೋಪಿನ ಫೇರ್ಸ್ ಕಪ್ಪಿನಲ್ಲಿ ಜಾಗ ಅಂದರು, ಮೊದಲ ಡಿವಿಜನ್ನಿನವರಾಗಿದ್ದರೆ (ಆಗ ಅದೇ ಎಲ್ಲಕ್ಕಿಂತ ಮೇಲಿನ ದರ್ಜೆ) ಮಾತ್ರ. ಅಷ್ಟು ದಿನ ಮೂಗು ಮುರಿದವರೆಲ್ಲ ಸಾಲಾಗಿ ಬಂದು ನಿಂತರು.

ಪ್ರ: ಎಷ್ಟು ತಂಡ ಆಡುತ್ತವೆ? ಎಫ್‌ಎ ಕಪ್ಪಿಗೂ ಇದಕ್ಕೂ ಏನು ವ್ಯತ್ಯಾಸ?

ಉ: 92. ಪ್ರೀಮಿಯರ್ ಲೀಗಿನ 20, ಅದರ ಕೆಳಗಿನ ಮೂರು ಡಿವಿಜನ್ನುಗಳ 72. ಅಷ್ಟೇ. ಎಫ್‌ಎ ಕಪ್ಪಿನಲ್ಲಿ ಹಳ್ಳಿ ಕ್ಲಬ್ಬು, ಅರೆಕಾಲಿಕ ಆಟಗಾರರ ಕ್ಲಬ್ಬು ಎಲ್ಲ ಸೇರಿ ನೂರಾರು ತಂಡ ಇರುತ್ತವೆ. ಇಲ್ಲಿ ಹಾಗಲ್ಲ. ವೇಲ್ಸಿನ ಸ್ವಾನ್ಸಿ, ಕಾರ್ಡಿಫ್ ಕೂಡ ಇಂಗ್ಲಿಷ್ ಲೀಗಿನಲ್ಲಿ ಆಡುವುದರಿಂದ ಇದರಲ್ಲೂ ಇರುತ್ತವೆ. ಸ್ವಾನ್ಸಿ 2013ರಲ್ಲಿ ಗೆದ್ದೂ ಇದೆ.

ಮೊದಲೆರಡು ಸುತ್ತಿನಲ್ಲಿ ಉತ್ತರದವರು ಉತ್ತರದವರ ಜೊತೆ, ದಕ್ಷಿಣದವರು ದಕ್ಷಿಣದವರ ಜೊತೆ. ಮಂಗಳವಾರ ರಾತ್ರಿ ಪಂದ್ಯಕ್ಕೆ ಅಭಿಮಾನಿಗಳು ದೇಶದ ಆ ತುದಿಯಿಂದ ಈ ತುದಿಗೆ ಅಲೆಯುವುದು ತಪ್ಪಲಿ ಅಂತ. ಪ್ರೀಮಿಯರ್ ಲೀಗಿನವರು ಎರಡನೇ ಸುತ್ತಿನಿಂದ, ಯುರೋಪಿನಲ್ಲೂ ಆಡುವವರು ಮೂರನೆಯದರಿಂದ ಬರುತ್ತಾರೆ. ಸೆಮಿಫೈನಲ್ ಈಗಲೂ ಎರಡು ಪಂದ್ಯ. 2018-19ರಿಂದ ಮೊದಲ ಸುತ್ತುಗಳಲ್ಲಿ ಅರ್ಧ ಗಂಟೆಯ ಹೆಚ್ಚುವರಿ ಸಮಯ ತೆಗೆದುಹಾಕಿದ್ದಾರೆ: 90 ನಿಮಿಷಕ್ಕೆ ಸಮ ಆದರೆ ನೇರ ಪೆನಾಲ್ಟಿ, ಅಂದರೆ ಗೋಲ್‌ಕೀಪರ್ ಎದುರು ಒಬ್ಬೊಬ್ಬರಾಗಿ ಒದೆಯುವುದು. ಸಣ್ಣ ಕ್ಲಬ್ಬಿಗೆ ಇದಕ್ಕಿಂತ ಒಳ್ಳೆಯ ನಿಯಮ ಇಲ್ಲ. ಕಾಲು ಸೋತಿರುವ ಕೊನೆಯ ಅರ್ಧ ಗಂಟೆಯಲ್ಲೇ ಅಲ್ವಾ ದೊಡ್ಡವರ ಬೆಂಚು, ಅಂದರೆ ಬದಲಿ ಆಟಗಾರರು, ಕೆಲಸ ಮಾಡೋದು?

ಪ್ರ: ಅಪ್ಪ ಇದನ್ನು ಮಿಲ್ಕ್ ಕಪ್ ಅಂತಾರೆ, ಅಣ್ಣ ಕಾರ್ಲಿಂಗ್ ಕಪ್ ಅಂತಾನೆ, ಟಿವಿಯಲ್ಲಿ ಕಾರಬಾವ್ ಅಂತಾರೆ. ಯಾವುದು ಸರಿ?

ಉ: ಮೂವರೂ ಸರಿ. ಪ್ರಾಯೋಜಕರು ಬದಲಾದ ಹಾಗೆ ಹೆಸರೂ ಬದಲು. 1982ರಲ್ಲಿ ಅಲ್ಲಿನ ಮಿಲ್ಕ್ ಮಾರ್ಕೆಟಿಂಗ್ ಬೋರ್ಡ್ ದುಡ್ಡು ಕೊಟ್ಟಿತು, ಮಿಲ್ಕ್ ಕಪ್ ಆಯಿತು. ಆಮೇಲೆ ಲಿಟಲ್‌ವುಡ್ಸ್, ರಂಬಲೋಸ್, ಕೋಕ-ಕೋಲ, ವರ್ದಿಂಗ್ಟನ್, ಕಾರ್ಲಿಂಗ್, ಕ್ಯಾಪಿಟಲ್ ಒನ್. 2017ರಿಂದ ಥಾಯ್ಲೆಂಡಿನ ಎನರ್ಜಿ ಡ್ರಿಂಕ್ ಕಂಪನಿ ಕಾರಬಾವ್. ಹಾಲಿನಿಂದ ಹೊರಟು, ಬಿಯರ್ ದಾಟಿ, ಎನರ್ಜಿ ಡ್ರಿಂಕಿಗೆ ಬಂದು ನಿಂತಿದೆ. ನಾನು ಸುಮ್ನೆ ಲೀಗ್ ಕಪ್ ಅಂದುಬಿಡುತ್ತೇನೆ. ಪ್ರಾಯೋಜಕರು ನನಗೇನೂ ದುಡ್ಡು ಕೊಟ್ಟಿಲ್ಲ.

ಪ್ರ: ದೊಡ್ಡ ಕ್ಲಬ್ಬುಗಳು ಈ ಪಂದ್ಯಗಳಿಗೆ ಮಕ್ಕಳನ್ನು ಇಳಿಸುತ್ತವೆ. ಟಿಕೆಟ್ ಕೊಂಡವರಿಗೆ ಇದು ಮೋಸ ಅಲ್ವಾ?

ಉ: ನಿಮ್ಮ ಸಿಟ್ಟಿಗೆ ಜೊತೆ ಇದೆ. 1994ರ ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಪೋರ್ಟ್ ವೇಲ್ ಮೈದಾನಕ್ಕೆ ಬಂದಾಗ ಅವರ ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ ಹೊಸ ಹುಡುಗರನ್ನೇ ಇಳಿಸಿದರು. ತಾರೆಯರನ್ನು ನೋಡಲು ದುಡ್ಡು ಕೊಟ್ಟವರು ಗರಂ ಆದರು. ವಿಷಯ ಪಾರ್ಲಿಮೆಂಟಿನ ತನಕ ಹೋಯಿತು. ಯುನೈಟೆಡ್ 2-1 ಗೆದ್ದಿತು. ಎರಡೂ ಗೋಲು ಹೊಡೆದದ್ದು ಮೊದಲ ಪಂದ್ಯ ಆಡುತ್ತಿದ್ದ ಕೆಂಗೂದಲ ಹುಡುಗ, ಪಾಲ್ ಸ್ಕೋಲ್ಸ್. ತಂಡದಲ್ಲಿ ಡೇವಿಡ್ ಬೆಕಮ್ ಕೂಡ ಇದ್ದ. ಅವತ್ತು ಟಿಕೆಟ್ ಚೂರನ್ನು ಸಿಟ್ಟಿನಲ್ಲಿ ಎಸೆದವರು ಆಮೇಲೆ ಕೈ ಹಿಸುಕಿಕೊಂಡಿರಬೇಕು.

ಎಲ್ಲ ಸಲ ಹೀಗೇ ಆಗುತ್ತದೆ ಅಂತಲ್ಲ. 2019ರ ಡಿಸೆಂಬರಿನಲ್ಲಿ ಲಿವರ್‌ಪೂಲ್‌ನ ಮುಖ್ಯ ತಂಡ ಕ್ಲಬ್ ವಿಶ್ವಕಪ್‌ಗೆ ಕತಾರಿನಲ್ಲಿತ್ತು. ಅಲ್ಲಿನ ಪಂದ್ಯದ ಹಿಂದಿನ ರಾತ್ರಿಯೇ ಇಂಗ್ಲೆಂಡಿನಲ್ಲಿ ವಿಲ್ಲಾ ವಿರುದ್ಧ ಲೀಗ್ ಕಪ್ ಕ್ವಾರ್ಟರ್‌ಫೈನಲ್. ಹದಿಹರೆಯದವರನ್ನು ಕಳಿಸಿದರು, 5-0 ಸೋತು ಬಂದರು. ಇದಕ್ಕೆ ಹುಡುಗರನ್ನೂ ಕ್ಲಬ್ಬನ್ನೂ ಬೈಯುವುದಕ್ಕಿಂತ ಒಂದೇ ಕ್ಲಬ್ಬಿಗೆ ಎರಡು ಖಂಡಗಳಲ್ಲಿ ಎರಡು ದಿನಕ್ಕೆರಡು ಪಂದ್ಯ ಇಟ್ಟವರನ್ನು ಬೈಯಬೇಕು.

ನನ್ನನ್ನು ಕೇಳಿದರೆ, ದೊಡ್ಡವರ ಉದಾಸೀನವೇ ಈ ಕಪ್ಪಿನ ಜೀವ. ಅವರು ಬಾಗಿಲು ಅರ್ಧ ತೆರೆದಿಟ್ಟು ಮಲಗುತ್ತಾರೆ. ಒಳಗೆ ಯಾರು ಬರುತ್ತಾರೆ ಅನ್ನುವುದು ಮುಂದಿನ ಉತ್ತರದಲ್ಲಿದೆ.

ಪ್ರ: ನಿಜವಾಗಿ ಸಣ್ಣ ಕ್ಲಬ್ ಕಪ್ ಗೆದ್ದದ್ದು ಉಂಟಾ? ಅಥವಾ ಬರೀ ಕಥೆಯಾ?

ಉ: ಉಂಟು. ವೆಂಬ್ಲಿಯ ಮೊದಲ ಫೈನಲ್ಲನ್ನೇ ಮೂರನೇ ಡಿವಿಜನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಗೆದ್ದಿತು. ವೆಸ್ಟ್ ಬ್ರಾಮ್ ವಿರುದ್ಧ 2-0 ಹಿಂದಿದ್ದು, 3-2 ಮಾಡಿದರು. ಮೂರನೇ ಡಿವಿಜನ್ ಅಂದಮೇಲೆ ಫೇರ್ಸ್ ಕಪ್ ಜಾಗ ಮಾತ್ರ ಸಿಗಲಿಲ್ಲ.

ಆದರೆ ನನ್ನ ಮನಸ್ಸು ನಿಂತಿರುವುದು 1969ರ ಮಾರ್ಚ್ 15ರ ಫೈನಲ್ ಮೇಲೆ. ಇವರೂ ಮೂರನೇ ಡಿವಿಜನ್, ಸ್ವಿಂಡನ್ ಟೌನ್. ಎದುರಿಗೆ ಆರ್ಸೆನಲ್. ಹಿಂದೆ ನಡೆದ ಕುದುರೆ ಪ್ರದರ್ಶನದಿಂದ ವೆಂಬ್ಲಿ ಮೈದಾನ ಹಾಳಾಗಿತ್ತು, ಮೇಲೆ ಮಳೆ. ಹುಲ್ಲು ಹೆಸರಿಗಷ್ಟೇ, ಉಳಿದದ್ದೆಲ್ಲ ಕೆಸರು. ಆರ್ಸೆನಲ್‌ನಲ್ಲಿ ಹಲವರು ಆಗಷ್ಟೇ ಫ್ಲೂ ಜ್ವರದಿಂದ ಎದ್ದವರು. ಡಿಫೆಂಡರ್ ಇಯಾನ್ ಯೂರ್ ಮತ್ತು ಗೋಲ್‌ಕೀಪರ್ ಬಾಬ್ ವಿಲ್ಸನ್ ನಡುವೆ ಗೊಂದಲವಾಗಿ ಚೆಂಡು ರೋಜರ್ ಸ್ಮಾರ್ಟ್ ಕಾಲಿಗೆ ಸಿಕ್ಕಿತು, 1-0. ಆಮೇಲೆ ಆರ್ಸೆನಲ್ ಅಲೆಯ ಮೇಲೆ ಅಲೆಯಾಗಿ ಬಂತು. ಸ್ವಿಂಡನ್ ಗೋಲ್‌ಕೀಪರ್ ಪೀಟರ್ ಡೌನ್ಸ್‌ಬರೊ ತಡೆದದ್ದೇ ತಡೆದದ್ದು. ಇನ್ನೇನು ಮುಗಿಯಿತು ಅನ್ನುವಾಗ ಬಾಬಿ ಗೂಲ್ಡ್ ತಲೆಯಿಂದ ಹೊಡೆದು ಸಮ ಮಾಡಿದ.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಸಣ್ಣ ತಂಡದ ಉಸಿರು ನಿಂತುಹೋಗುತ್ತದೆ. ಅವತ್ತು ನಿಂತದ್ದು ಆರ್ಸೆನಲ್‌ದು. ಹೆಚ್ಚುವರಿ ಸಮಯದಲ್ಲಿ ಡಾನ್ ರಾಜರ್ಸ್ ಒಂದು ಗೋಲು ಹೊಡೆದ. ಕೊನೆಗೆ ಅರ್ಧ ಮೈದಾನದಿಂದ ಚೆಂಡು ಹಿಡಿದು ಒಬ್ಬನೇ ಓಡಿದ. ಉಳಿದವರು ಕೆಸರಿನಲ್ಲಿ ಕಾಲು ಕೀಳಲಾಗದೆ ನಿಂತಿದ್ದರು. ವಿಲ್ಸನ್‌ರನ್ನೂ ಸುತ್ತುಹಾಕಿ ಚೆಂಡು ಒಳಗಿಟ್ಟ. 3-1. ಇವರಿಗೂ ಫೇರ್ಸ್ ಕಪ್ ಜಾಗ ಇಲ್ಲ ಅಂದದ್ದಕ್ಕೆ ಇಟಲಿ ಜೊತೆ ಸೇರಿ ಬೇರೆಯೇ ಒಂದು ಕಪ್ ಹುಟ್ಟಿಹಾಕಿದರು. ಅದರಲ್ಲಿ ಸ್ವಿಂಡನ್ ರೋಮಾವನ್ನು ಸೋಲಿಸಿತು!

ಈಚಿನದೂ ಇದೆ. 2013ರಲ್ಲಿ ನಾಲ್ಕನೇ ದರ್ಜೆಯ ಬ್ರಾಡ್‌ಫರ್ಡ್ ಸಿಟಿ ಪ್ರೀಮಿಯರ್ ಲೀಗಿನ ವಿಗನ್, ಆರ್ಸೆನಲ್, ಆ್ಯಸ್ಟನ್ ವಿಲ್ಲಾ ಮೂವರನ್ನೂ ದಾಟಿ ಫೈನಲ್ ಮುಟ್ಟಿತು. ಅಲ್ಲಿ ಸ್ವಾನ್ಸಿ ಕೈಯಲ್ಲಿ 5-0. ಪಾಪ. 2025ರ ಆಗಸ್ಟಿನಲ್ಲಿ ಅದೇ ದರ್ಜೆಯ ಗ್ರಿಮ್ಸ್‌ಬಿ ಟೌನ್ ತನ್ನ ಬ್ಲಂಡೆಲ್ ಪಾರ್ಕಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಕೆಡವಿತು. ಗ್ರಿಮ್ಸ್‌ಬಿ ಮೀನುಗಾರರ ಊರು. ಅಭಿಮಾನಿಗಳು ಗಾಳಿ ತುಂಬಿದ ಪ್ಲಾಸ್ಟಿಕ್ ಹ್ಯಾಡಕ್ ಮೀನು ಹಿಡಿದು ಬರುತ್ತಾರೆ. 2-0 ಮುಂದಿದ್ದರು. ಯುನೈಟೆಡ್ 89ನೇ ನಿಮಿಷದಲ್ಲಿ ಸಮ ಮಾಡಿತು. ಪೆನಾಲ್ಟಿ ಮುಗಿಯುವ ಲಕ್ಷಣವೇ ಇರಲಿಲ್ಲ. ಕೊನೆಗೆ ಯುನೈಟೆಡ್‌ನ ಎಂಬ್ಯೂಮೊ ಒದ್ದದ್ದು ಅಡ್ಡಪಟ್ಟಿಗೆ ಬಡಿಯಿತು: 12-11. ಆಮೇಲೆ ಗೊತ್ತಾಯಿತು, ಗ್ರಿಮ್ಸ್‌ಬಿ ಒಬ್ಬ ಆಟಗಾರನ ನೋಂದಣಿಯನ್ನು ಮಧ್ಯಾಹ್ನ 12ರ ಗಡುವು ದಾಟಿ ಎರಡು ನಿಮಿಷದೊಳಗೆ ಕಳಿಸಿತ್ತಂತೆ. 20,000 ಪೌಂಡ್ ದಂಡ ಬಿತ್ತು, ಗೆಲುವು ಉಳಿಯಿತು. ದಂಡ ಕಟ್ಟಿದ್ದಕ್ಕೆ ಅಲ್ಲಿ ಯಾರೂ ಅತ್ತಿರಲಾರರು.

ಪ್ರ: ಕೋಚ್ ಕರೆದರೂ ಗೋಲ್‌ಕೀಪರ್ ಹೊರಗೆ ಬರಲಿಲ್ಲವಂತೆ, ಹೌದಾ?

ಉ: ಹೌದು. 2019ರ ಫೈನಲ್, ಚೆಲ್ಸಿ–ಮ್ಯಾಂಚೆಸ್ಟರ್ ಸಿಟಿ, 0-0. ಪೆನಾಲ್ಟಿ ಹತ್ತಿರವಾದಾಗ ಚೆಲ್ಸಿ ಕೋಚ್ ಸಾರಿ, ಗೋಲ್‌ಕೀಪರ್ ಕೆಪಾನನ್ನು ಕರೆದು ಇನ್ನೊಬ್ಬ ಗೋಲ್‌ಕೀಪರ್ ಕಬಾಯೆರೊನನ್ನು ಇಳಿಸಲು ನೋಡಿದರು. ಕೆಪಾ ಬೆರಳು ಆಡಿಸಿ ಬರಲ್ಲ ಅಂದ. ಸಾರಿ ಸಿಟ್ಟಿನಿಂದ ಸುರಂಗದ ಕಡೆ ಹೊರಟು, ಮತ್ತೆ ವಾಪಸ್ ಬಂದರು. ಸಿಟಿ 4-3 ಗೆದ್ದಿತು. ಕೆಪಾಗೆ ಒಂದು ವಾರದ ಸಂಬಳ ದಂಡ.

2022ರಲ್ಲಿ ಲಿವರ್‌ಪೂಲ್ ವಿರುದ್ಧ ಚೆಲ್ಸಿ ಅದೇ ಕೆಪಾನನ್ನು ಪೆನಾಲ್ಟಿಗೆಂದೇ ಇಳಿಸಿತು. ಎರಡೂ ಕಡೆಯ ಹತ್ತತ್ತು ಜನ ಗೋಲು ಹೊಡೆದರು. ಲಿವರ್‌ಪೂಲ್ ಗೋಲ್‌ಕೀಪರ್ ಕೆಲೆಹರ್ ಕೂಡ ಹೊಡೆದ. ಕೆಪಾ ಒದ್ದದ್ದು ಗೋಲಿನ ಮೇಲಿಂದ ಹಾರಿಹೋಯಿತು. ಹಣೆಬರಹ ಅನ್ನದೆ ಏನನ್ನಬೇಕು?

ಪ್ರ: ಗೆದ್ದರೆ ಸಿಗೋದೇನು? ಒಳ್ಳೆ ದುಡ್ಡಾ?

ಉ: ಇಲ್ಲ ಬಿಡಿ. ವಿಜೇತರಿಗೆ ಸುಮಾರು ಒಂದು ಲಕ್ಷ ಪೌಂಡ್. ದೊಡ್ಡ ಕ್ಲಬ್ಬಿನ ಒಬ್ಬ ತಾರೆಯ ವಾರದ ಸಂಬಳಕ್ಕೂ ಸಾಲದು. ಜೊತೆಗೆ ಯುರೋಪಿನ ಮೂರನೇ ದರ್ಜೆಯ ಟೂರ್ನಿಯಾದ ಕಾನ್ಫರೆನ್ಸ್ ಲೀಗಿನ ಪ್ಲೇಆಫ್‌ನಲ್ಲಿ (ಅರ್ಹತಾ ಪಂದ್ಯ) ಜಾಗ. ಅದರಾಚೆ ಲೀಗಿನಲ್ಲಿ ರಕ್ಷಣೆ ಏನೂ ಇಲ್ಲ. 1985ರಲ್ಲಿ ಫೈನಲ್ ಆಡಿದ ನಾರಿಚ್, ಸಂಡರ್‌ಲ್ಯಾಂಡ್ ಎರಡೂ ಅದೇ ಋತುವಿನಲ್ಲಿ ಕೆಳಗಿನ ಡಿವಿಜನ್ನಿಗೆ ಇಳಿದವು. 2011ರಲ್ಲಿ ಆರ್ಸೆನಲ್‌ನ ಸೋಲಿಸಿ ಕಪ್ ಎತ್ತಿದ ಬರ್ಮಿಂಗ್‌ಹ್ಯಾಮ್‌ಗೂ ಅದೇ ಗತಿ.

ಆದರೆ ನ್ಯೂಕಾಸಲ್ ಜನರ ಹತ್ತಿರ ಹೋಗಿ ಇದು ಚಿಲ್ಲರೆ ಕಪ್ ಅನ್ನಿ ನೋಡೋಣ. 1955ರ ಎಫ್‌ಎ ಕಪ್ ಆದ ಮೇಲೆ ದೇಶದೊಳಗಿನ ಒಂದು ದೊಡ್ಡ ಕಪ್ಪೂ ಅವರಿಗೆ ಬಂದಿರಲಿಲ್ಲ. 2025ರ ಮಾರ್ಚಿನಲ್ಲಿ, ಇದನ್ನು ಹತ್ತು ಸಲ ಗೆದ್ದಿರುವ ಲಿವರ್‌ಪೂಲನ್ನು 2-1 ಸೋಲಿಸಿದರು. ಮೊದಲ ಗೋಲು ಡ್ಯಾನ್ ಬರ್ನ್‌ನದು. ಪಕ್ಕದ ಬ್ಲೈತ್ ಊರಿನವನು. ಹುಡುಗನಾಗಿದ್ದಾಗ ಇದೇ ನ್ಯೂಕಾಸಲ್ ಬೇಡ ಅಂತ ಕೈಬಿಟ್ಟಿತ್ತು. ಕಾರ್ನರ್‌ನಿಂದ ಬಂದ ಚೆಂಡನ್ನು ತಲೆಯಲ್ಲಿ ಗುದ್ದಿದ ಆ ಹೊಡೆತ ನೋಡಿ, ದುಡ್ಡಿನ ಲೆಕ್ಕ ಆಮೇಲೆ ಕೇಳಿ.

ಪ್ರ: ನಾನು ಹೊಸಬ. ಹಳೆಯ ಪಂದ್ಯಗಳಲ್ಲಿ ಯಾವುದರಿಂದ ಶುರು ಮಾಡಲಿ?

ಉ: ರೆಡಿಂಗ್–ಆರ್ಸೆನಲ್, 2012ರ ಅಕ್ಟೋಬರ್ 30. ಮುಕ್ಕಾಲು ಗಂಟೆ ಆಗುವ ಮೊದಲೇ ರೆಡಿಂಗ್ 4-0. ಅಲ್ಲಿಗೆ ಆಫ್ ಮಾಡಬೇಡಿ. ಥಿಯೋ ವಾಲ್ಕಾಟ್ ಕೊನೆಯ ಉಸಿರಿನಲ್ಲಿ 4-4 ಮಾಡಿದ. ಪಂದ್ಯ ಮುಗಿಯಿತು ಅಂದುಕೊಂಡು ಒಲಿವಿಯೆ ಜಿರೂ ಅಂಗಿ ಬಿಚ್ಚಿ ಜನರ ಕಡೆ ಎಸೆದೂ ಬಿಟ್ಟಿದ್ದ! ಆಗಿನ್ನೂ ಹೆಚ್ಚುವರಿ ಸಮಯ ಇತ್ತು. ಆರ್ಸೆನಲ್ 7-5 ಗೆದ್ದಿತು. ಅದಾದ ಮೇಲೆ ಅದೇ ಡಿಸೆಂಬರಿನ ಬ್ರಾಡ್‌ಫರ್ಡ್ ಪಂದ್ಯ ಹಾಕಿ. ಏಳು ಗೋಲು ಹೊಡೆದ ಅದೇ ಆರ್ಸೆನಲ್ ನಾಲ್ಕನೇ ದರ್ಜೆಯವರ ಎದುರು ಪೆನಾಲ್ಟಿಯಲ್ಲಿ 3-2 ಸೋತದ್ದು ಅವತ್ತೇ. ಅವತ್ತು ಆರ್ಸೆನಲ್ ಮ್ಯಾನೇಜರ್ ವೆಂಗರ್ ಮಕ್ಕಳನ್ನೇನೂ ಕಳಿಸಿರಲಿಲ್ಲ. ಕಸೋರ್ಲಾ, ವಿಲ್‌ಶರ್, ಪೊಡೋಲ್‌ಸ್ಕಿ ಎಲ್ಲ ಆಡಿದ್ದರು.