ಎರಡು ಆ್ಯಪ್‌ಗೆ ಒಂದೇ ಡೇಟಾಬೇಸ್ ಸಾಕಾ?

ಪ್ರಶ್ನೆ: ಧಾರವಾಡದಲ್ಲಿ ನಮ್ಮದೊಂದು ಪುಸ್ತಕದಂಗಡಿ ಇದೆ. ವೆಬ್‌ಸೈಟ್ ಮಾರಾಟಕ್ಕೆ ಜಾಂಗೋದಲ್ಲಿ (ಪೈಥಾನ್ ಭಾಷೆಯ ವೆಬ್ ಫ್ರೇಮ್‌ವರ್ಕ್) ಬರೆದ ಆ್ಯಪ್ ಇದೆ. ಈಗ ಕೌಂಟರ್ ಬಿಲ್ಲಿಂಗ್‌ಗೆ ಜಾಂಗೋದಲ್ಲೇ ಇನ್ನೊಂದು ಬರೆಸುತ್ತಿದ್ದೇವೆ. ಎರಡಕ್ಕೂ ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸಾಕಾ, ಬೇರೆ ಬೇರೆ ಬೇಕಾ?

ಉತ್ತರ: ಒಂದೇ ಸಾಕು. ಎರಡೂ ಕಡೆ ಮಾರುವುದು ಅದೇ ಕಪಾಟಿನ ಪುಸ್ತಕ ಅಲ್ವಾ? ಸ್ಟಾಕ್ ಲೆಕ್ಕ ಎರಡು ಕಡೆ ಇಟ್ಟು ರಾತ್ರಿ ತಾಳೆ ನೋಡುವುದು ಸುಮ್ನೆ ತಲೆನೋವು. ಆದರೆ ಪ್ರತಿ ಟೇಬಲ್‌ಗೂ ಒಬ್ಬರೇ ಯಜಮಾನರಿರಬೇಕು. ಅದರ ಕಾಲಂ ಬದಲಿಸುವ ಹಕ್ಕು ಆ ಒಂದು ಆ್ಯಪ್‌ಗೆ ಮಾತ್ರ.

ಜಾಂಗೋದಲ್ಲಿ ಇದು ಇನ್ನೂ ಮುಖ್ಯ. ಮುಗಿಸಿದ ಮೈಗ್ರೇಷನ್‌ಗಳನ್ನು, ಅಂದರೆ ಟೇಬಲ್ ಮಾಡುವ, ಬದಲಿಸುವ ಹೆಜ್ಜೆಗಳನ್ನು, ಅದು ಒಂದು ಟೇಬಲ್‌ನಲ್ಲಿ ಬರೆದಿಡುತ್ತದೆ. ಪ್ರಾಜೆಕ್ಟ್ ಒಳಗಿನ ಭಾಗದ (ಜಾಂಗೋ ಅದನ್ನೂ 'ಆ್ಯಪ್' ಅನ್ನುತ್ತದೆ) ಹೆಸರು, ಮೈಗ್ರೇಷನ್ ಹೆಸರು, ಸಮಯ, ಅಷ್ಟೇ. ಯಾವ ಪ್ರಾಜೆಕ್ಟ್, ಅಂದರೆ ವೆಬ್‌ಸೈಟಾ ಬಿಲ್ಲಿಂಗಾ ಅಂತ ಬರೆಯುವುದಿಲ್ಲ. ನಿಮ್ಮ ಎರಡೂ ಪ್ರಾಜೆಕ್ಟ್‌ಗಳಲ್ಲಿ 'ಆರ್ಡರ್ಸ್' ಅನ್ನುವ ಒಳ ಆ್ಯಪ್ ಇದ್ದು, ಎರಡರಲ್ಲೂ '0001_ಇನಿಷಿಯಲ್' ಇದ್ದರೆ ಎರಡನೆಯದು ಓಡುವುದೇ ಇಲ್ಲ. ಆಗಲೇ ಆಗಿದೆ ಅಂದುಕೊಂಡು ಜಾಂಗೋ ಮುಂದೆ ಹೋಗುತ್ತದೆ. ಎರರ್ ಕೂಡ ಬರುವುದಿಲ್ಲ. ಟೇಬಲ್ ಇಲ್ಲ ಅಂತ ಗೊತ್ತಾಗುವುದು ಮೊದಲ ಬಿಲ್ ಹಾಕುವಾಗ, ಎದುರಿಗೆ ಗ್ರಾಹಕರು ನಿಂತಿರುವಾಗ.

ಹಾಗಾಗಿ ಬಿಲ್ಲಿಂಗ್‌ಗೆ ಅದೇ ಡೇಟಾಬೇಸ್‌ನಲ್ಲಿ ಬೇರೆ ಸ್ಕೀಮಾ (ಟೇಬಲ್‌ಗಳನ್ನು ಗುಂಪಾಗಿಡುವ ವಿಭಾಗ) ಕೊಡಿ. ಬಿಲ್ಲಿಂಗ್‌ನ ಸರ್ಚ್ ಪಾತ್‌ನಲ್ಲಿ (ಟೇಬಲ್ ಹುಡುಕುವ ಸ್ಕೀಮಾಗಳ ಪಟ್ಟಿ) ಅದೊಂದೇ ಇರಲಿ. ಪೋಸ್ಟ್‌ಗ್ರೆಸ್ ತಾನಾಗಿ ಕೊಡುವ ಪಬ್ಲಿಕ್ ಸ್ಕೀಮಾ ಕೂಡ ಸೇರಿಸಿದರೆ ವೆಬ್‌ಸೈಟ್‌ನ ಹಳೇ ಮೈಗ್ರೇಷನ್ ಟೇಬಲ್ ಕಣ್ಣಿಗೆ ಬಿದ್ದು ಮತ್ತೆ ಅದೇ ಕತೆ. ಸ್ಟಾಕ್ ಟೇಬಲ್‌ಗೆ ಬಿಲ್ಲಿಂಗ್ ಸ್ಕೀಮಾದಲ್ಲಿ ಒಂದು ವ್ಯೂ (ಮೂಲ ಟೇಬಲ್ ಅನ್ನು ತೋರಿಸುವ ಕಿಟಕಿ) ಮಾಡಿ, ಜಾಂಗೋ ಕೋಡ್‌ನಲ್ಲಿ ಅದನ್ನು ವಿವರಿಸುವ ಮಾಡೆಲ್‌ನಲ್ಲಿ 'ಮ್ಯಾನೇಜ್ಡ್ = ಫಾಲ್ಸ್' ಹಾಕಿ; ಆಗ ಜಾಂಗೋ ಅದನ್ನು ತಾನೇ ಮಾಡಲು, ಬದಲಿಸಲು ಹೋಗುವುದಿಲ್ಲ. ಪೋಸ್ಟ್‌ಗ್ರೆಸ್ 9.3ರಿಂದ ಸರಳ ವ್ಯೂ ಮೂಲಕ ನೇರ ಅಪ್‌ಡೇಟ್ ಕೂಡ ನಡೆಯುತ್ತದೆ.

ಲಾಗಿನ್ ಬೇರೆ ಬೇರೆ ಇರಲಿ. ಡೇಟಾಬೇಸ್ ನೋಡಿಕೊಳ್ಳುವುದೇ ನನ್ನ ಕೆಲಸ. ಎರಡು ಆ್ಯಪ್‌ಗೆ ಒಂದೇ ಪಾಸ್‌ವರ್ಡ್ ಕಂಡರೆ ಮೊದಲು ಅದನ್ನೇ ಬದಲಿಸುತ್ತೇನೆ. ಪೋಸ್ಟ್‌ಗ್ರೆಸ್‌ನಲ್ಲಿ ಸಾಮಾನ್ಯವಾಗಿ 100 ಕನೆಕ್ಷನ್‌ಗಳ ಮಿತಿ ಇರುತ್ತದೆ. ಎರಡೂ ಆ್ಯಪ್‌ಗಳ ವರ್ಕರ್‌ಗಳನ್ನು (ಡೇಟಾಬೇಸ್‌ಗೆ ಕನೆಕ್ಟ್ ಆಗುವ ಪ್ರೊಸೆಸ್‌ಗಳು) ಕೂಡಿಸಿ ನೋಡಿಕೊಳ್ಳಿ.

ಇನ್ನು ಕೊನೇ ಪ್ರತಿಯ ವಿಷಯ. ಒಂದೇ ಪುಸ್ತಕ ಉಳಿದಿದೆ ಅನ್ನಿ. ಎರಡೂ ಆ್ಯಪ್ ಒಂದೇ ಕ್ಷಣದಲ್ಲಿ 1 ಅಂತ ಓದಿ, ಎರಡೂ 0 ಅಂತ ಬರೆದರೆ ಒಂದು ಪುಸ್ತಕ ಇಬ್ಬರಿಗೆ ಮಾರಿದಂತಾಯಿತು. ಅದಕ್ಕೇ ಕಳೆಯುವ ಲೆಕ್ಕವನ್ನು ಪೈಥಾನ್‌ನಲ್ಲಿ ಮಾಡಬೇಡಿ, ಡೇಟಾಬೇಸ್‌ಗೇ ಬಿಡಿ. ಸ್ಟಾಕ್ 1 ಅಥವಾ ಜಾಸ್ತಿ ಇದ್ದರೆ ಮಾತ್ರ ಒಂದು ಕಳೆಯುವ ಒಂದೇ ಅಪ್‌ಡೇಟ್ ಸಾಕು; ಜಾಂಗೋದಲ್ಲಿ ಇದಕ್ಕೆ ಎಫ್ ಎಕ್ಸ್‌ಪ್ರೆಷನ್ ಇದೆ. ಎಷ್ಟು ಸಾಲು ಬದಲಾಯಿತು ಅಂತ ಆ ಅಪ್‌ಡೇಟ್ ಹೇಳುತ್ತದೆ. ಸೊನ್ನೆ ಬಂದರೆ, ಹಣ ತೆಗೆದುಕೊಳ್ಳುವ ಮೊದಲೇ 'ಪ್ರತಿ ಮುಗಿದಿದೆ' ಅಂತ ತೋರಿಸಿ.