ಎಂಡೊಮೆಟ್ರಿಯೋಸಿಸ್: ಆಪರೇಷನ್‌ಗೆ ದುಡ್ಡಿಲ್ಲ, ಕೇಳೋಕೆ ನಾಚಿಕೆ

ಪ್ರಶ್ನೆ: ನನಗೆ 29 ವರ್ಷ. ಹದಿನಾಲ್ಕರಿಂದಲೂ ಮುಟ್ಟಿನ ದಿನಗಳಲ್ಲಿ ವಿಪರೀತ ಹೊಟ್ಟೆನೋವು. ಈಗ ತಿಂಗಳಲ್ಲಿ ಹತ್ತು ಹನ್ನೆರಡು ದಿನ ನೋವಿರುತ್ತದೆ, ಮುಟ್ಟಾದಾಗ ಮಲವಿಸರ್ಜನೆಗೆ ಕೂತರೆ ಚಾಕುವಿನಿಂದ ತಿವಿದ ಹಾಗಾಗುತ್ತದೆ. ಹೋದ ತಿಂಗಳು ಸ್ಕ್ಯಾನಿಂಗ್ ಮಾಡಿ, ಎಡ ಅಂಡಾಶಯದಲ್ಲಿ 5 ಸೆಂ.ಮೀ. ಚಾಕೊಲೇಟ್ ಸಿಸ್ಟ್ ಇದೆ, ಇದು ಎಂಡೊಮೆಟ್ರಿಯೋಸಿಸ್, ಲ್ಯಾಪರೊಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಮಾಡಿಸಿ ಅಂದರು. ರಜೆ ಹಾಕಿ ಹಾಕಿ ಕೆಲಸ ಹೋಗಿದೆ. ಕೂಡಿಟ್ಟ ಹಣವೂ ಖಾಲಿ. ಮನೆಯಲ್ಲಿ ‘ಎಲ್ಲ ಹೆಂಗಸರಿಗೂ ಇರೋದೇ’ ಅನ್ನುತ್ತಾರೆ. ಬೇರೆಯವರ ಮುಂದೆ ಕೈಚಾಚೋಕೆ ನಾಚಿಕೆ. ಏನು ಮಾಡಲಿ?

ಉತ್ತರ: ಇದು ಎಲ್ಲ ಹೆಂಗಸರಿಗೂ ಇರುವ ನೋವಲ್ಲ. ಹದಿನೈದು ವರ್ಷ ಇದನ್ನು ಹೊತ್ತುಕೊಂಡು ಬದುಕಿದ್ದೀರಿ ಅನ್ನೋದನ್ನ ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಗರ್ಭಕೋಶದ ಒಳಪದರದಂಥದೇ ಪದರ ಹೊರಗೆ, ಅಂಡಾಶಯ, ಕರುಳು, ಮೂತ್ರಕೋಶದ ಮೇಲೆಲ್ಲ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ತಿಂಗಳು ತಿಂಗಳೂ ಅದು ಊದಿಕೊಳ್ಳುತ್ತದೆ, ರಕ್ತ ಜಿನುಗುತ್ತದೆ, ಆದರೆ ಆ ರಕ್ತಕ್ಕೆ ಹೊರಹೋಗಲು ದಾರಿಯಿಲ್ಲ, ಹಾಗಾಗಿ ಒಳಗೇ ಉರಿಯೂತವಾಗಿ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದಲ್ಲಿ ನಿಂತ ಹಳೆಯ ರಕ್ತ ಕಂದಾಗಿ ಮಂದವಾದರೆ ಅದೇ ಚಾಕೊಲೇಟ್ ಸಿಸ್ಟ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 19 ಕೋಟಿ ಹೆಣ್ಣುಮಕ್ಕಳಿಗೆ ಇದಿದೆ.

ದುಡ್ಡಿನ ಮಾತಿಗೆ ಬರುತ್ತೇನೆ. ಆದರೆ ಅದಕ್ಕೂ ಮೊದಲು, ನಿಮಗೆ ಯಾವ ಆಪರೇಷನ್ ಬೇಕು ಅನ್ನೋದು ತೀರ್ಮಾನವಾಗಬೇಕು. ಮಲವಿಸರ್ಜನೆಯ ನೋವು ಅಂದಿರಲ್ಲ, ಅದನ್ನು ಡಾಕ್ಟರಿಗೆ ಹೇಳಿದ್ದೀರಾ? ಕರುಳಿಗೂ ತಗುಲಿರಬಹುದು, ಸಿಸ್ಟ್ ನೋಡುವ ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ ಅದು ಕಾಣದೇ ಹೋಗಬಹುದು. ಎಂಆರ್‌ಐ ಬೇಕಾ, ಅಥವಾ ಈ ಕಾಯಿಲೆಯ ಸ್ಕ್ಯಾನಿಂಗ್‌ನಲ್ಲಿ ಪಳಗಿದವರ ಹತ್ತಿರ ಇನ್ನೊಮ್ಮೆ ತೋರಿಸಬೇಕಾ ಅಂತ ಕೇಳಿ. ಸಿಸ್ಟ್ ಒಂದನ್ನೇ ತೆಗೆದು, ಕರುಳಿನದ್ದು ಹಾಗೇ ಬಿಟ್ಟು ಹೊಲಿದರೆ ಮತ್ತೆ ಎರಡನೇ ಆಪರೇಷನ್ ಬೇಕಾಗಬಹುದು. ಎರಡೆರಡು ಸಲ ಮಾಡಿಸುವಷ್ಟು ದುಬಾರಿ ಇನ್ನೊಂದಿಲ್ಲ, ದೇಹಕ್ಕೂ, ಜೇಬಿಗೂ. ಡಾಕ್ಟರನ್ನು ಕೇಳಿ: ಈ ಕಾಯಿಲೆಯ ಗಂಟುಗಳನ್ನು ಕತ್ತರಿಸಿ ತೆಗೆಯುತ್ತೀರಾ, ಮೇಲೆ ಸುಟ್ಟು ಬಿಡುತ್ತೀರಾ? ಕರುಳಿನಲ್ಲಿ ಸಿಕ್ಕರೆ ಕರುಳಿನ ಸರ್ಜನ್ ಅಲ್ಲೇ ಇರುತ್ತಾರಾ? ಇಂಥ ಆಪರೇಷನ್ ಎಷ್ಟು ಮಾಡಿದ್ದೀರಿ? ಇದನ್ನೆಲ್ಲ ಧೈರ್ಯವಾಗಿ ಕೇಳಿ, ಒಳ್ಳೆಯ ಡಾಕ್ಟರ್ ಬೇಜಾರು ಮಾಡಿಕೊಳ್ಳುವುದಿಲ್ಲ. ಮುಂದೆ ಮಗು ಬೇಕು ಅಂತಿದ್ದರೆ ಅಂಡಾಶಯದಲ್ಲಿ ಎಷ್ಟು ಅಂಡಗಳು ಉಳಿದಿವೆ ಅನ್ನೋದರ ಅಂದಾಜು ಕೊಡುವ ಎಎಂಎಚ್ ರಕ್ತಪರೀಕ್ಷೆಯನ್ನು ಮೊದಲೇ ಮಾಡಿಸಿ, ಸಿಸ್ಟ್ ತೆಗೆಯುವಾಗ ಒಂದಿಷ್ಟು ಅಂಡಗಳೂ ನಷ್ಟವಾಗಬಹುದು.

ಸಾಮಾನ್ಯವಾಗಿ ಇದು ನಾಳೆಯೇ ಮಾಡಿಸಬೇಕಾದ ಆಪರೇಷನ್ ಅಲ್ಲ. ಡೈನೋಜೆಸ್ಟ್ ಅನ್ನೋ ಹಾರ್ಮೋನ್ ಮಾತ್ರೆ, ಗರ್ಭನಿರೋಧಕ ಮಾತ್ರೆ ಅಥವಾ ಕಾಪರ್-ಟಿ ಥರ ಗರ್ಭಕೋಶದೊಳಗೆ ಇಡುವ, ಆದರೆ ತಾಮ್ರದ ಬದಲು ಹಾರ್ಮೋನ್ ಇರುವ ಸಾಧನ, ಇವುಗಳಲ್ಲಿ ನಿಮಗೆ ಹೊಂದುವುದನ್ನು ಡಾಕ್ಟರ್ ಕೊಟ್ಟರೆ ಎಷ್ಟೋ ಜನರಿಗೆ ನೋವು ಹಿಡಿತಕ್ಕೆ ಬರುತ್ತದೆ, ದುಡ್ಡು ಹೊಂದಿಸಲು ಸಮಯವೂ ಸಿಗುತ್ತದೆ. ಆದರೆ ಇದ್ದಕ್ಕಿದ್ದಂತೆ ತಡೆಯಲಾರದ ನೋವು ಬಂದು ವಾಂತಿಯಾದರೆ, ಜ್ವರ ಬಂದರೆ, ಹೊಟ್ಟೆ ಉಬ್ಬರಿಸಿ ಮಲ, ಗಾಳಿ ಎರಡೂ ನಿಂತರೆ ದುಡ್ಡಿನ ಯೋಚನೆ ಬಿಟ್ಟು ಆಸ್ಪತ್ರೆಗೆ ಓಡಿ.

ಈಗ ದುಡ್ಡು. ‘ನನ್ನ ಹತ್ತಿರ ಇಷ್ಟಿಲ್ಲ’ ಅಂತ ಮೊದಲು ನಿಮ್ಮ ಡಾಕ್ಟರಿಗೇ ಹೇಳಿ. ಇದನ್ನು ಹೇಳೋಕೆ ಹಿಂಜರಿದು ಸುಮ್ನೆ ಫಾಲೋಅಪ್‌ಗೆ ಬರುವುದನ್ನೇ ನಿಲ್ಲಿಸಿದ ಹೆಣ್ಣುಮಕ್ಕಳನ್ನು ತುಂಬಾ ನೋಡಿದ್ದೇನೆ. ಹೇಳಿದರೆ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೋ, ಸರ್ಕಾರಿ ಆಸ್ಪತ್ರೆಗೋ ಕಳಿಸಬಹುದು, ಅಲ್ಲಿ ಇದೇ ಆಪರೇಷನ್ ಕಡಿಮೆ ಖರ್ಚಿನಲ್ಲಿ ಆಗುತ್ತದೆ, ಕಾಯುವುದು ಜಾಸ್ತಿ ಅಷ್ಟೇ. ದೊಡ್ಡ ಆಸ್ಪತ್ರೆಗಳಲ್ಲಿ ಸಮಾಜ ಕಾರ್ಯಕರ್ತರು ಇರುತ್ತಾರೆ, ಯಾವ ನೆರವಿಗೆ ಯಾವ ಅರ್ಜಿ ಅನ್ನೋದು ಅವರಿಗೇ ಗೊತ್ತು. ಖರ್ಚಿನ ಅಂದಾಜನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಸರ್ಜನ್, ಅರಿವಳಿಕೆ, ಥಿಯೇಟರ್, ವಾರ್ಡ್, ತೆಗೆದ ಗಂಟಿನ ಪರೀಕ್ಷೆ, ಎಲ್ಲವೂ ಬೇರೆಬೇರೆಯಾಗಿ ಇರಲಿ. ಇನ್ಶೂರೆನ್ಸ್ ಇದ್ದರೆ ಬಂಜೆತನದ ಚಿಕಿತ್ಸೆಗೆ ಹಣ ಕೊಡದ ಪಾಲಿಸಿಗಳು ಎಷ್ಟೋ ಇವೆ, ಆದ್ದರಿಂದ ಆಪರೇಷನ್ ಆಗುತ್ತಿರುವುದು ನೋವಿಗೆ ಮತ್ತು ಸಿಸ್ಟ್‌ಗೆ ಅನ್ನೋದು ಡಾಕ್ಟರ ಪತ್ರದಲ್ಲಿ ಸ್ಪಷ್ಟವಾಗಿ ಇರಬೇಕು. ಇನ್ಶೂರೆನ್ಸ್‌ನವರು ಆಗಲ್ಲ ಅಂದರೆ ಕಾರಣವನ್ನು ಬರೆದು ಕೊಡಿ ಅನ್ನಿ, ಮರುಪರಿಶೀಲನೆಗೆ ಹಾಕಿ.

ಇಷ್ಟಾದರೂ ಸಾಲದೆ ಬಂದದ್ದನ್ನು ಮಾತ್ರ ಜನರ ಹತ್ತಿರ ಕೇಳಿ. ಕಾಲು ಮುರಿದಿದ್ದರೆ ಕೇಳೋಕೆ ಇಷ್ಟು ನಾಚುತ್ತಿದ್ದಿರಾ? ಇಲ್ಲ ಅಲ್ವಾ. ಇದೂ ಹಾಗೇ ಒಂದು ಕಾಯಿಲೆ. ಕಥೆ ದೊಡ್ಡದು ಮಾಡಬೇಡಿ: ‘ನನಗೆ ಈ ಕಾಯಿಲೆ, ಈ ಆಪರೇಷನ್ ಆಗಬೇಕು, ಒಟ್ಟು ಇಷ್ಟು, ಇಷ್ಟು ಹೊಂದಿಸಿದ್ದೇನೆ, ಇನ್ನು ಇಷ್ಟು ಬೇಕು, ನೇರವಾಗಿ ಆಸ್ಪತ್ರೆಗೇ ಕಟ್ಟಬಹುದು.’ ಸಾಕು. ಆನ್‌ಲೈನ್‌ನಲ್ಲಿ ಕೇಳುವುದಾದರೆ ವರದಿಯ ಮೇಲಿನ ವಿಳಾಸ, ಫೋನ್ ನಂಬರ್ ಮುಚ್ಚಿ, ಸಂದೇಶಗಳಿಗೆ ಉತ್ತರಿಸುವ ಕೆಲಸ ಗೆಳತಿಗೆ ಕೊಡಿ. ನೆರವು ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ ಅಂದವರನ್ನು ನಂಬಲೇಬೇಡಿ. ಕೇಳುವ ಮೊತ್ತದಲ್ಲಿ ಚೇತರಿಸಿಕೊಳ್ಳುವ ವಾರಗಳ ಮನೆಖರ್ಚನ್ನೂ, ನಂತರದ ಮಾತ್ರೆಗಳ ಖರ್ಚನ್ನೂ ಸೇರಿಸಿ. ಆಪರೇಷನ್ ಆದಮೇಲೂ ಈ ಕಾಯಿಲೆ ಮರಳಬಹುದು, ಹಾರ್ಮೋನ್ ಚಿಕಿತ್ಸೆ ಮುಂದುವರಿಸಿದರೆ ಆ ಸಾಧ್ಯತೆ ಕಡಿಮೆ. ಈ ಖರ್ಚನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇನ್ನು ಮನೆಯವರು. ಯಾವ ದಿನ ಎಷ್ಟು ನೋವು, ಯಾವಾಗ ಏಳೋಕೂ ಆಗಲಿಲ್ಲ, ಎಷ್ಟು ಮಾತ್ರೆ ನುಂಗಿದಿರಿ, ಎರಡು ತಿಂಗಳು ಬರೆದಿಡಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಪುಸ್ತಕದ ಜೊತೆ ಅಮ್ಮನನ್ನೋ, ಮನೆಯ ಬೇರೆ ಯಾರನ್ನಾದರೂ ಕರೆದುಕೊಂಡು ಹೋಗಿ, ಒಳಗೆ ಪಕ್ಕದಲ್ಲೇ ಕೂರಿಸಿಕೊಳ್ಳಿ. ಸ್ಕ್ಯಾನಿಂಗ್ ವರದಿಯಲ್ಲಿ ಏನಿದೆ ಅನ್ನೋದನ್ನ ಡಾಕ್ಟರೇ ಅವರಿಗೆ ಹೇಳಲಿ.