ಶಿರಸಿ ಕಡೆ ಮಳೆಗಾಲದ ಬಾಣಂತನ: ಖುಷಿನಾ, ಕಷ್ಟನಾ?

"ಬೆಂಗಳೂರಿಂದ ಶಿರಸಿ ಹತ್ರ ಗಂಡನ ಮನೆಗೆ ಬರ್ತಿದೀನಿ, ಜುಲೈನಲ್ಲಿ ಡೆಲಿವರಿ, ಕೆಲ್ಸನೂ ಬಿಡೋಕಾಗಲ್ಲ, ತಾಯ್ತನ ನಿಜವಾಗ್ಲೂ ಹೇಗಿರತ್ತೆ ಅಂತ ಯಾರಾದ್ರೂ ಸುಳ್ಳು ಹೇಳ್ದೆ ಹೇಳಿ" ಅಂತ ಕೇಳಿದೀರಿ. ನಂದೂ ಆಷಾಢದ ಮಗುನೇ, ಊರೂ ಅದೇ ಸೀಮೆ, ಅದಕ್ಕೇ ಬರೀತಿದೀನಿ.

ಮಗುಗಿಂತ ದೊಡ್ಡ ತಲೆಬಿಸಿ ಬಟ್ಟೆ. ನಗ್ಬೇಡಿ, ಬಂದ್ಮೇಲೆ ಗೊತ್ತಾಗತ್ತೆ. ಹೊರಗೆ ಜಡಿ ಮಳೆ, ಜಗಲಿ ತಂತಿ ಮೇಲೆ ಬೆಳಿಗ್ಗೆ ಹಾಕಿದ್ದು ಮಾರನೇ ದಿನಕ್ಕೂ ತಂಡಿ ತಂಡಿ, ಕೂಸು ಮಾತ್ರ ಇದ್ಯಾವ್ದೂ ನಂಗೆ ಸಂಬಂಧವೇ ಇಲ್ಲ ಅನ್ನೋ ಹಾಗೆ ಒದ್ದೆ ಮಾಡ್ತಾನೇ ಇರತ್ತೆ. ನಮ್ಮನೇಲಿ ಬಚ್ಚಲ ಒಲೆ ಮೇಲೆ ಗಳ ಕಟ್ಟಿ ಒಣಗಿಸ್ತಿದ್ರು, ಒಣಗೋದೇನೋ ಒಣಗ್ತಿತ್ತು, ಆದ್ರೆ ಚೌತಿವರೆಗೂ ನಮ್ಮ ಮಗು ಹೊಗೆ ಮೇಲೆ ಒಣಗಿಸಿದ ಉಪ್ಪಾಗೆ ಹಣ್ಣಿನ ಸಿಪ್ಪೆ ಥರ ವಾಸ್ನೆ ಹೊಡೀತಿತ್ತು! ಹಳೇ ಕಾಟನ್ ಸೀರೆ, ಪಂಚೆ ಎಷ್ಟು ಸಿಗತ್ತೋ ಅಷ್ಟು ಈಗ್ಲೇ ಹರಿದು ತೊಳೆದು ಇಟ್ಕೊಳ್ಳಿ, ರಾತ್ರಿಗೆ ಡೈಪರ್ ಹಾಕಿ, ಯಾರೇನೇ ಅಂದ್ರೂ ಹಾಕಿ.

ಇನ್ನೊಂದು, ಹುಟ್ಟಿದ ಎರಡು ಮೂರು ದಿನಕ್ಕೆ ಸುಮಾರು ಮಕ್ಕಳಿಗೆ ಮೈ ಹಳದಿ ಆಗತ್ತೆ. ಹೆಚ್ಚಿನವಕ್ಕೆ ತಾನಾಗೇ ಇಳಿಯತ್ತೆ. ಮನೆಲಿ ಎಲ್ರೂ "ಎಳೇ ಬಿಸ್ಲಿಗೆ ಹಿಡಿ" ಅಂತಾರೆ, ಆಷಾಢದಲ್ಲಿ ನಮ್ಮೂರಲ್ಲಿ ಬಿಸ್ಲನ್ನ ಎಲ್ಲಿಂದ ತರೋದು? ಇದ್ರೂ ಅದು ಚಿಕಿತ್ಸೆ ಅಲ್ಲ. ಹಳದಿ ಹೊಟ್ಟೆ ಕಾಲಿನವರೆಗೆ ಇಳಿದ್ರೆ, ಮಗು ಹಾಲು ಕುಡೀದೆ ಬರೀ ನಿದ್ದೆಗಣ್ಣಲ್ಲೇ ಇದ್ರೆ ಕಾಯ್ಬೇಡಿ, ಆಸ್ಪತ್ರೆಲಿ ರಕ್ತದಲ್ಲಿರೋ ಹಳದಿ ಅಂಶ (ಬಿಲಿರುಬಿನ್) ಎಷ್ಟಿದೆ ನೋಡಿ ಬೇಕಾದ್ರೆ ನೀಲಿ ಲೈಟ್ ಕೆಳಗೆ ಇಡ್ತಾರೆ. ಹೆರಿಗೆ ದಿನ ಹತ್ರ ಬಂದಾಗ ಪೇಟೆಲಿ ನೆಂಟರಿದ್ರೆ ಅಲ್ಲೇ ಇರಿ. ಮರ ಬಿದ್ದು ರಸ್ತೆ ಬಂದ್ ಆದ್ರೆ ೧೦೮ ಆದ್ರೂ ಹಾರ್ಕೊಂಡು ಬರಲ್ಲ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹುಬ್ಬಳ್ಳಿನೋ ಮಣಿಪಾಲವೋ ಅಂತ ಓಡ್ಬೇಕು, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಕೊಡಿ ಅಂತ ನಾವು ಕೇಳಿ ಕೇಳಿ ಸಾಕಾಗಿದೆ.

ಇನ್ನು ಉಪದೇಶ. ನಮ್ಮತ್ತೆ ಒಳ್ಳೇವ್ರು, ಬೆಳಿಗ್ಗೆ ಹಂಡೆ ಕಾಯಿಸಿ ಅವರೇ ನೀರು ಹಾಕ್ತಿದ್ರು, ಆ ಬಿಸಿನೀರಿನ ಸುಖ ಈಗ್ಲೂ ಬೇಕು ಅನ್ಸತ್ತೆ. ಆದ್ರೆ ಕುಡಿಯೋ ನೀರಿನ ವಿಷ್ಯಕ್ಕೆ ಬಂದ್ರೆ, "ತಂಗಿ, ನೀರು ಕುಡಿಯಡ, ಹೊಟ್ಟೆ ಬತ್ತು" (ನೀರು ಕುಡೀಬೇಡ, ಹೊಟ್ಟೆ ದಪ್ಪ ಆಗತ್ತೆ) ಅಂತ ಚೊಂಬನ್ನೇ ತೆಗೆದಿಡೋರು. ಹಾಲೂಡಿಸೋರಿಗೆ ಬಾಯಾರಿಕೆ ಜಾಸ್ತಿ, ಬೇಕಾದಷ್ಟು ಕುಡೀಲೇಬೇಕು. ನಾನು ಜಗಳ ಮಾಡ್ಲಿಲ್ಲ, ನರ್ಸಮ್ಮ ಬಂದಾಗ ಅವ್ರ ಬಾಯಿಂದ್ಲೇ ಹೇಳಿಸ್ದೆ. ಹೊರಗಿನೋರು ಹೇಳಿದ್ರೆ ಮನೆಲಿ ಕೇಳ್ತಾರೆ, ಇದು ಯಾವ ಊರಲ್ಲೂ ನಡೆಯೋ ಉಪಾಯ. ಮಗು ಕಿವಿ ಮೂಗಿಗೆ ಎಣ್ಣೆ ಬಿಡೋದನ್ನೂ ಹಾಗೇ ನಿಲ್ಸಿದ್ದು.

ಅಳು ಬರತ್ತೆ, ಕಾರಣನೇ ಇರಲ್ಲ. ಕರೆಂಟ್ ಹೋದ್ರೆ ಅಳು, ಬಂದ್ರೂ ಅಳು. ಮೊದಲ ಒಂದೆರಡು ವಾರ ಹಾಗಾಗೋದು ಮಾಮೂಲು, ಅದಕ್ಕಿಂತ ಮುಂದುವರಿದ್ರೆ, ಮಗುನ ನೋಡೋಕೂ ಬೇಡ ಅನ್ಸಿದ್ರೆ ಡಾಕ್ಟರ್ ಹತ್ರ ಹೇಳಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ೧೪೪೧೬ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು.

ಖುಷಿ ಎಲ್ಲಿ ಅಂತೀರಾ? ಫೋಟೋ ತೆಗೆಯೋ ಹೊತ್ತಲ್ಲಿ ಅಂತೂ ಇಲ್ಲ. ನಮ್ಮ ಮಾವಂಗೆ ತಾಳಮದ್ದಳೆ (ವೇಷ ಕುಣಿತ ಇಲ್ದೆ ಕೂತು ಪಾತ್ರದ ಮಾತು, ಅಂದ್ರೆ ಅರ್ಥ, ಹೇಳೋ ಯಕ್ಷಗಾನ) ಹುಚ್ಚು, ಮಳೆಗಾಲದಲ್ಲಿ ಕೇಳೋರು ಯಾರೂ ಸಿಗ್ದೆ ತೊಟ್ಟಿಲ ಮುಂದೆ ಕೂತು ಕರ್ಣನ ಅರ್ಥ ಹೇಳ್ತಿದ್ರು, ಎರಡು ತಿಂಗಳ ಕೂಸು ಬಾಯಿ ಬಿಟ್ಕೊಂಡು ಕೇಳೋದು, ಅವ್ರು ನಿಲ್ಸಿದ ಕೂಡ್ಲೇ ಕಿರುಚೋದು. ಆಗ ಒಳಗೆ ನಂಗೆ ಬಿಸಿ ಗಂಜಿ, ತುಪ್ಪ, ಒಂದರ್ಧ ಗಂಟೆ ಯಾರೂ ಮುಟ್ಟದೇ ಇರೋ ನನ್ನ ಮೈ. ಅಷ್ಟು ಸುಖ ಮದುವೇಲೂ ಸಿಕ್ಕಿರ್ಲಿಲ್ಲ, ಸತ್ಯವಾಗ್ಲೂ. ಆಮೇಲೆ ನಾನು ಕೋಣೆಗೆ ಬಂದ ಸಪ್ಪಳಕ್ಕೇ ಅದು ತಿರುಗಿ ನೋಡಿ ನಕ್ಕಿದ್ದು ಇದ್ಯಲ್ಲ, ಅದನ್ನ ಬರೆಯೋಕೆ ನಂಗೆ ಬರಲ್ಲ, ನೀವೇ ನೋಡ್ತೀರಿ.

ಕೆಲ್ಸದ ವಿಷ್ಯ: ಹತ್ತು ಜನಕ್ಕಿಂತ ಕಮ್ಮಿ ಇಲ್ಲದ ಕಂಪನಿ ಆದ್ರೆ, ಹಿಂದಿನ ೧೨ ತಿಂಗಳಲ್ಲಿ ೮೦ ದಿನ ಕೆಲ್ಸ ಮಾಡಿದ್ರೆ, ಮೊದಲ ಎರಡು ಮಕ್ಕಳಿಗೆ ೨೬ ವಾರ ಸಂಬಳದ ರಜೆ ನಿಮ್ಮ ಹಕ್ಕು. ಹೆರಿಗೆಗೆ ಮುಂಚೆ ೮ ವಾರಕ್ಕಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ, ಆದಷ್ಟೂ ಆಮೇಲಿಗೆ ಉಳಿಸ್ಕೊಳ್ಳಿ. ಆಮೇಲೆ ವರ್ಕ್ ಫ್ರಂ ಹೋಮ್ ಮಾಡ್ತೀನಿ ಅಂತ ಮ್ಯಾನೇಜರ್ ಹತ್ರ ಒಪ್ಕೊಳ್ಳೋ ಮುಂಚೆ ಒಂದ್ಸಲ ಜೋರು ಮಳೆ ದಿನ ಆ ಮನೆಲಿ ನೆಟ್‌ವರ್ಕ್ ಬರತ್ತಾ ಅಂತ ನಿಮ್ಮ ಯಜಮಾನ್ರಿಗೆ ಹೇಳಿ ನೋಡಿಸಿ. ನಮ್ಮನೇಲಿ ಕೊಟ್ಟಿಗೆ ಹಿಂದೆ ಮಾತ್ರ ಬರತ್ತೆ.